ಬಣ್ಣದ ತಾಸು

ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಒಂದು ದಿನ ವಿಜ್ಞಾನದ ತಾಸಿನಲ್ಲಿ ಎದ್ದು ನಿಂತಳು. "ಸರ್, ಡ್ರಾಯಿಂಗ್ ಸರ್ ಮೂಲ ಬಣ್ಣ ಕೆಂಪು, ಹಳದಿ, ನೀಲಿ ಅಂತ ಹೇಳ್ಯಾರ್ರಿ. ನೀವು ಕೆಂಪು, ಹಸಿರು, ನೀಲಿ ಅಂತೀರಿ. ಪರೀಕ್ಷಾದಾಗ ಯಾವುದು ಬರೀಬೇಕ್ರಿ?"

"ನನ್ನ ಪತ್ರಿಕೆಯಲ್ಲಿ ನನ್ನದು, ಅವರ ಪತ್ರಿಕೆಯಲ್ಲಿ ಅವರದು" ಎಂದು ನಾನು ಉತ್ತರ ಕೊಟ್ಟೆ. ವರ್ಗವೆಲ್ಲ ನಕ್ಕಿತು. ಹುಡುಗಿ ಮಾತ್ರ ನಗಲಿಲ್ಲ. ಅದನ್ನೇ ವಹಿಯಲ್ಲಿ ಬರೆದುಕೊಂಡು ಕುಳಿತಳು. ಆ ಬರೆದುಕೊಂಡದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಸವದತ್ತಿ ತಾಲೂಕಿನ ಆ ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರರೂ ನಾನೂ ಆರು ವರ್ಷ ಒಂದೇ ಬಾಕಿನ ಮೇಲೆ ಕುಳಿತು ಚಹಾ ಕುಡಿದವರು. ಮಳೆ, ಬೆಳೆ, ಬದಲಿಯ ಆದೇಶ, ಇವೆಲ್ಲವನ್ನೂ ಮಾತಾಡಿದ್ದೆವು. ಬಣ್ಣದ ಬಗ್ಗೆ ಮಾತ್ರ ಒಂದು ಮಾತನ್ನೂ ಆಡಿರಲಿಲ್ಲ. ಒಂದೇ ಮಗುವಿನ ತಲೆಯಲ್ಲಿ ಮುಂಜಾನೆ ಒಂದು, ಮಧ್ಯಾಹ್ನ ಇನ್ನೊಂದು ಸೃಷ್ಟಿಯನ್ನು ನಾವು ಕಟ್ಟುತ್ತಲಿದ್ದೆವು.

ಮಾಸ್ತರರು ಧಾರವಾಡದ ಹಾಲಭಾವಿಯವರ ಕಲಾಶಾಲೆಯಲ್ಲಿ ಕಲಿತು ಬಂದವರು, ಮಿತಭಾಷಿಗಳು. ನಾನು ಹುಡುಗಿಯ ಪ್ರಶ್ನೆಯನ್ನು ಹೇಳಿದಾಗ ಅವರು ಹಳದಿ ಮತ್ತು ನೀಲಿ ಬಣ್ಣಗಳನ್ನು ತಟ್ಟೆಯಲ್ಲಿ ಕಲಸಿ, "ಇದು ಹಸಿರಾಗುವದೋ ಇಲ್ಲವೋ, ನೀವೇ ನೋಡಿರಿ" ಎಂದು ಮುಂದಿಟ್ಟರು. ಹಸಿರಾಗಿತ್ತು. ನಾನು ಒಬ್ಬ ಹುಡುಗನ ಬುಗುರಿಯನ್ನು ಇಸಿದುಕೊಂಡು, ಅದರ ತಲೆಗೆ ಅರ್ಧ ಹಳದಿ, ಅರ್ಧ ನೀಲಿ ಬಣ್ಣದ ರಟ್ಟಿನ ಬಿಲ್ಲೆಯನ್ನು ಅಂಟಿಸಿ ತಿರುಗಿಸಿದೆ. ಹಸಿರು ಬರಲಿಲ್ಲ, ಬೂದಿಯಂಥ ಬಣ್ಣ ಬಂದಿತು. ಅವರು ಬುಗುರಿಯನ್ನೂ ನೋಡಿದರು, ತಟ್ಟೆಯನ್ನೂ ನೋಡಿದರು. "ಹಾಗಾದರೆ ಇಬ್ಬರೂ ಸುಳ್ಳಲ್ಲ" ಎಂದರು. ಶನಿವಾರ ಮುಂಜಾನೆಯ ಶಾಲೆಯ ಕೊನೆಯ ತಾಸನ್ನು ಇಬ್ಬರೂ ಕೂಡಿ ತೆಗೆದುಕೊಳ್ಳುವದೆಂದು ಅಂದೇ ನಿರ್ಧಾರವಾಯಿತು.

ಇಬ್ಬರೂ ಸುಳ್ಳಲ್ಲವೆಂಬುದಕ್ಕೆ ಕಾರಣ ಸರಳವಾದುದು. ನ್ಯೂಟನ್ 1666ರಲ್ಲಿ ಕತ್ತಲೆಯ ಕೋಣೆಯೊಳಗೆ ಸಣ್ಣ ತೂತಿನಿಂದ ಬಿಸಿಲನ್ನು ಬಿಟ್ಟುಕೊಂಡು, ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಬಿಳಿಯ ಬೆಳಕಿನೊಳಗೆ ಎಲ್ಲ ಬಣ್ಣಗಳೂ ಅಡಗಿವೆಯೆಂದು ಕಂಡನು. ಬೆಳಕಿಗೆ ಬೆಳಕು ಕೂಡಿದರೆ ಕೂಡಿಕೆಯಾಗುವದು. ಕೂಡುತ್ತ ಹೋದಷ್ಟೂ ಬಿಳಿಯ ಕಡೆಗೆ ಸಾಗುವದು. ಚಿತ್ರಕಾರನ ಬಣ್ಣ ಹಾಗಲ್ಲ. ಅದು ಬೆಳಕನ್ನು ನುಂಗುವ ವಸ್ತು. ಹಳದಿ ಬಣ್ಣವು ನೀಲಿ ಬೆಳಕನ್ನು ನುಂಗುತ್ತದೆ. ನೀಲಿ ಬಣ್ಣವು ಕೆಂಪು ಹಳದಿಗಳನ್ನು ನುಂಗುತ್ತದೆ. ಎರಡೂ ಉಂಡು ಬಿಟ್ಟ ಎಂಜಲು ಹಸಿರು. ಅಲ್ಲಿರುವದು ಕಳೆಯುವ ಲೆಕ್ಕ. ಇಷ್ಟನ್ನು ಹಲಗೆಯ ಮೇಲೆ ಬರೆದರೆ ಮಕ್ಕಳು ಬಾಯಿಪಾಠ ಮಾಡಿ ಮರೆಯುತ್ತಾರೆ. ನಾವು ಎರಡು ಬ್ಯಾಟರಿಗಳಿಗೆ ಕೆಂಪು ಮತ್ತು ಹಸಿರು ಹಾಳೆಯನ್ನು ಸುತ್ತಿ, ಕತ್ತಲೆ ಮಾಡಿದ ಕೋಣೆಯ ಬಿಳಿಯ ಗೋಡೆಯ ಮೇಲೆ ಒಂದರ ಮೇಲೊಂದು ಬೀಳಿಸಿದೆವು. ಹಳದಿ ಮೂಡಿತು! ಒಬ್ಬ ಹುಡುಗ ಹೋಗಿ ಗೋಡೆಯನ್ನು ಕೈಯಿಂದ ಉಜ್ಜಿ ನೋಡಿದನು, ಮಾಸ್ತರರು ಮೊದಲೇ ಹಳದಿ ಹಚ್ಚಿಟ್ಟಿದ್ದಾರೆಂಬ ಸಂಶಯದಿಂದ. ಆ ಸಂಶಯಕ್ಕೆ ನಾನು ಮನಸ್ಸಿನಲ್ಲಿಯೇ ಪೂರ್ಣ ಅಂಕಗಳನ್ನು ಕೊಟ್ಟೆ.

ವಾಚಕರು ಬೇಕಾದರೆ ಮನೆಯಲ್ಲಿಯೇ ನೋಡಬಹುದು. ಮೊಬೈಲಿನ ಬಿಳಿಯ ಪರದೆಯ ಮೇಲೆ ಒಂದು ಹನಿ ನೀರನ್ನು ಬಿಟ್ಟು ಅದರೊಳಗೆ ಇಣಿಕಿದರೆ ಬಿಳಿ ಎಂಬುದು ಎಲ್ಲಿಯೂ ಇಲ್ಲ. ಕೆಂಪು, ಹಸಿರು, ನೀಲಿ ಕಾಳುಗಳು ಒತ್ತಾಗಿ ಕುಳಿತಿರುವದು ಕಾಣುತ್ತದೆ. ಇದೇ ರವಿವಾರದ ಪುರವಣಿಯ ಬಣ್ಣದ ಚಿತ್ರವೊಂದನ್ನು ಭೂತಗನ್ನಡಿಯಿಂದ ನೋಡಿದರೆ ಅಲ್ಲಿ ಬೇರೆಯೇ ಸಂಸಾರ: ಹಳದಿ, ಗುಲಾಬಿಗೆಂಪು, ತಿಳಿನೀಲಿ, ಕಪ್ಪು ಚುಕ್ಕೆಗಳು. ಮಾಸ್ತರರು ಇದನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದರು. ತಾವು ಇಷ್ಟು ವರ್ಷ ಕಲಿಸಿದ ಕೆಂಪು ನಿಜವಾಗಿ ಗುಲಾಬಿಗೆಂಪಾಗಬೇಕಿತ್ತು, ನೀಲಿ ಇನ್ನೂ ತಿಳಿಯಾಗಬೇಕಿತ್ತು ಎಂದು ತಾವಾಗಿಯೇ ಮಕ್ಕಳ ಮುಂದೆ ಹೇಳಿದರು. ಹಾಗೆ ಹೇಳಬಲ್ಲ ಶಿಕ್ಷಕರನ್ನು ನಾನು ಹೆಚ್ಚು ನೋಡಿಲ್ಲ.

ಆದರೆ ಆ ಶನಿವಾರಗಳಲ್ಲಿ ನಮ್ಮ ಮಕ್ಕಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಎಳೆದದ್ದು ಅರಿಶಿನ. ಸವದತ್ತಿಯ ಸೀಮೆಯಲ್ಲಿ ಅರಿಶಿನವನ್ನು ಪರಿಚಯಿಸಬೇಕಾಗಿಲ್ಲ. ಭಾರತ ಹುಣ್ಣಿಮೆಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರ ಹಣೆ, ಅಂಗಿ, ಚಕ್ಕಡಿಯ ಗಾಲಿ, ಎತ್ತಿನ ಕೋಡು ಎಲ್ಲವೂ ಭಂಡಾರದಿಂದ ಹಳದಿ. ನಾನು ಒಂದು ಬಿಳಿಯ ಕಾಗದಕ್ಕೆ ಅರಿಶಿನದ ನೀರನ್ನು ಬಳಿದು ಒಣಗಿಸಿ, ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ಕುಂಚದಿಂದ ಅದರ ಮೇಲೆ ಒಂದು ಗೆರೆಯನ್ನು ಎಳೆದೆ. ಗೆರೆ ರಕ್ತದಂತೆ ಕೆಂಪಾಯಿತು. ಹುಡುಗರು ಬೆರಗಾದರು. ಹುಡುಗಿಯರು ಮಾತ್ರ ಬೆರಗಾಗಲಿಲ್ಲ. "ಇದು ಆರತಿ ನೀರಲ್ರೀ ಸರ್? ನಮ್ಮವ್ವ ದಿನಾ ಮಾಡ್ತಾಳ" ಎಂದಳು ಒಬ್ಬಳು. ನಿಜವೇ. ಬಾಣಂತಿ ತವರಿನಿಂದ ಬಂದಾಗ, ಮದುಮಕ್ಕಳು ಹೊಸ್ತಿಲು ತುಳಿಯುವಾಗ ದೃಷ್ಟಿ ತೆಗೆಯುವ ಕೆಂಪು ನೀರು ಅರಿಶಿನಕ್ಕೆ ಸುಣ್ಣ ಕೂಡಿಸಿದ್ದೇ. ಹಳೆಯ ಪದ್ಧತಿಯ ಕುಂಕುಮವೂ ಅರಿಶಿನದ ಹೊಟ್ಟೆಯಲ್ಲಿಯೇ ಹುಟ್ಟಿದ್ದು. ನಾನು ಅರ್ಧ ತಾಸು ಸಿದ್ಧತೆ ಮಾಡಿಕೊಂಡು ಬಂದ ಪ್ರಯೋಗವನ್ನು ಇವರ ತಾಯಂದಿರು ಒಲೆಯ ಮುಂದೆ ನಿಂತು ದಿನವೂ ಮಾಡುತ್ತಿದ್ದರು. ಅದಕ್ಕೆ ರಸಾಯನಶಾಸ್ತ್ರವೆಂಬ ಹೆಸರು ಮಾತ್ರ ಇರಲಿಲ್ಲ.

ಹೆಸರನ್ನು ಕೊಡುವದು ನನ್ನ ಪಾಲಿಗೆ ಬಂದ ಕೆಲಸ. ಅರಿಶಿನದ ಬಣ್ಣಕ್ಕೆ ಕಾರಣವಾದ ದ್ರವ್ಯ ಕುರ್ಕುಮಿನ್. ಸುಣ್ಣದಂಥ ಕ್ಷಾರ ಸೋಕಿದೊಡನೆ ಅದರ ಅಣುವಿನ ಕಟ್ಟು ಬದಲಾಗಿ, ಅದು ನುಂಗುವ ಬೆಳಕೂ ಬದಲಾಗುತ್ತದೆ. ನಮ್ಮ ಕಣ್ಣಿಗೆ ಉಳಿಯುವದು ಕೆಂಪು. ಲಿಂಬಿಹಣ್ಣಿನ ರಸವನ್ನು ಹಿಂಡಿದರೆ ಮರಳಿ ಹಳದಿ. ಮಕ್ಕಳು ಅರಿಶಿನದ ಕಾಗದದ ಮೇಲೆ ಸುಣ್ಣದ ನೀರಿನಿಂದ ಸೂರ್ಯನನ್ನೂ ಮಾವಿನಕಾಯಿಯನ್ನೂ ಬರೆದು, ಲಿಂಬಿಯ ರಸದಿಂದ ಅಳಿಸಿ ಆಟವಾಡಿದರು. ಮನೆಯಿಂದ ತಂದ ಅಂಗಡಿಯ ಕುಂಕುಮಕ್ಕೂ ಒಬ್ಬಳು ಲಿಂಬಿ ಹಿಂಡಿದಳು. ಅದು ಸ್ವಲ್ಪವೂ ಬದಲಾಗಲಿಲ್ಲ. "ಇದು ಅರಿಶಿನದ್ದಲ್ಲ" ಎಂದು ಅವಳೇ ತೀರ್ಪು ಕೊಟ್ಟಳು.

ಆ ವರ್ಷದ ಪ್ರವಾಸ ಕಿತ್ತೂರಿಗೆ. ದಾರಿಯಲ್ಲಿ ಬೈಲಹೊಂಗಲದ ಎರೆಹೊಲಗಳಲ್ಲಿ ಹತ್ತಿ ಒಡೆದಿತ್ತು. ಮಾಸ್ತರರು ಬಸ್ಸನ್ನು ನಿಲ್ಲಿಸಿ ಇಳಿಸಿದರು. ಬಿಳಿಯ ಕಾಗದದ ಮೇಲೆ ಬಿಳಿಯ ಹತ್ತಿಯನ್ನು ಹೇಗೆ ಬರೆಯುವಿರಿ ಎಂದು ಕೇಳಿದರು. ಮಕ್ಕಳು ತಬ್ಬಿಬ್ಬಾದರು. ಸುತ್ತಲಿನ ಕಪ್ಪು ಮಣ್ಣನ್ನು ಬರೆದರೆ ಹತ್ತಿ ತಾನಾಗಿಯೇ ಉಳಿದುಕೊಳ್ಳುತ್ತದೆಂದು ತಿಳಿಯಲಿಕ್ಕೆ ಒಬ್ಬನಿಗೆ ಕಾಲು ತಾಸು ಹಿಡಿಯಿತು, ಉಳಿದವರಿಗೆ ಅವನ ಹಾಳೆಯನ್ನು ನೋಡಲಿಕ್ಕೆ ಒಂದು ನಿಮಿಷ. ಧೋತರ ಹಳದಿಗಟ್ಟಿದರೆ ನಮ್ಮ ಮನೆಗಳಲ್ಲಿ ನೀಲಿಯಲ್ಲಿ ಅದ್ದಿ ಬೆಳ್ಳಗೆ ಮಾಡುವದನ್ನೂ ಅಲ್ಲಿಯೇ ನೆನಪಿಸಿದೆ. ಹಳದಿಯನ್ನು ನೀಲಿ ಹೊಡೆದುಹಾಕುವದು. ಬುಗುರಿಯ ಲೆಕ್ಕವೇ ಅದು.

ಕಿತ್ತೂರಿನಲ್ಲಿ ಚೆನ್ನಮ್ಮ ರಾಣಿಯ ಅರಮನೆಯ ಮುರಿದ ಗೋಡೆಗಳ ನಡುವೆ ಕುಳಿತು ಮಕ್ಕಳು ಬರೆಯತೊಡಗಿದಾಗ ಸಂಜೆಯ ಬಿಸಿಲು ಓರೆಯಾಗಿತ್ತು. 1824ರ ಕಾಳಗದ ಕಥೆ ಎಲ್ಲರಿಗೂ ಬಾಯಲ್ಲಿತ್ತು. ಆದುದರಿಂದ ಎಲ್ಲರ ಚಿತ್ರಗಳಲ್ಲಿಯೂ ಕುದುರೆ ಇತ್ತು, ಕತ್ತಿ ಇತ್ತು, ನೆರಳೆಲ್ಲ ಮಸಿಯಂತೆ ಕಪ್ಪಾಗಿತ್ತು. ಮಾಸ್ತರರು ಒಂದು ಬಿಳಿಯ ಹಾಳೆಯನ್ನು ಬಿಸಿಲಿಗೆ ಹಿಡಿದು, ಅದರ ಮೇಲೆ ಸೀಸಕಡ್ಡಿಯನ್ನು ನಿಲ್ಲಿಸಿ, "ನೆರಳಿನ ಬಣ್ಣ ಯಾವುದು? ನಿಮಗೆ ಗೊತ್ತಿದ್ದುದನ್ನು ಹೇಳಬೇಡಿರಿ, ಕಂಡದ್ದನ್ನು ಹೇಳಿರಿ" ಎಂದರು. ಮೊದಲು ಕಪ್ಪು ಎಂದರು, ಆಮೇಲೆ ಬೂದಿ ಎಂದರು, ಕೊನೆಗೆ ಒಬ್ಬಳು ಅಂಜುತ್ತ, "ನೀಲಿ ಆದಂಗ ಕಾಣಸ್ತದ್ರಿ" ಎಂದಳು. ನೀಲಿಯೇ. ನೇರವಾದ ಬಿಸಿಲು ಮುಟ್ಟದ ಜಾಗಕ್ಕೆ ಆಕಾಶದ ಬೆಳಕು ಮುಟ್ಟುತ್ತದೆ. ಫ್ರಾನ್ಸಿನ ಮೊನೆ ಎಂಬ ಚಿತ್ರಕಾರನು 1892 ಮತ್ತು 1893ರಲ್ಲಿ ರುವಾನ್ ಪಟ್ಟಣದ ಚರ್ಚಿನ ಒಂದೇ ಮುಖವನ್ನು ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ 30ಕ್ಕಿಂತ ಹೆಚ್ಚು ಸಲ ಬರೆದನು. ನಮಗೆ ಕಿತ್ತೂರಿನ ಒಂದು ಗೋಡೆಗೆ ಒಂದು ಸಂಜೆ ಮಾತ್ರ ಸಿಕ್ಕಿತ್ತು.

ಆಕಾಶವೇಕೆ ನೀಲಿ ಎಂಬ ಪ್ರಶ್ನೆ ಅಲ್ಲಿಂದ ತಾನಾಗಿಯೇ ಬಂದಿತು. ಗಾಳಿಯ ಅಣುಗಳು ಬೆಳಕನ್ನು ಚದುರಿಸುತ್ತವೆ. ಅಲೆ ಚಿಕ್ಕದಾದಷ್ಟೂ ಚದುರಿಕೆ ಹೆಚ್ಚು, ಅಲೆಯ ಉದ್ದ ಅರ್ಧವಾದರೆ ಚದುರಿಕೆ 16 ಪಟ್ಟು. ನೀಲಿಯ ಅಲೆ ಕೆಂಪಿನದಕ್ಕಿಂತ ಚಿಕ್ಕದು. ಇಂಗ್ಲೆಂಡಿನ ರೇಲೆ ಇದನ್ನು 1871ರಲ್ಲಿ ತೋರಿಸಿಕೊಟ್ಟನು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂದೂ ಅವನ ಅಭಿಪ್ರಾಯವಾಗಿತ್ತು. 1921ರಲ್ಲಿ ಹಡಗಿನಲ್ಲಿ ಪ್ರವಾಸ ಮಾಡುತ್ತಿದ್ದ ನಮ್ಮ ಸಿ. ವಿ. ರಾಮನ್ನರು ಮೆಡಿಟರೇನಿಯನ್ ಸಮುದ್ರದ ಮೇಲೆ, ಪ್ರತಿಬಿಂಬವನ್ನು ತಡೆಯುವ ಒಂದು ಚಿಕ್ಕ ಪಟ್ಟಕವನ್ನು ಕಣ್ಣಿಗೆ ಹಿಡಿದು ನೋಡಿದರು. ನೀಲಿ ಅಳಿಯಲಿಲ್ಲ, ಇನ್ನೂ ಗಾಢವಾಯಿತು. ನೀರೂ ಬೆಳಕನ್ನು ಚದುರಿಸುವದೆಂಬ ಆ ಜಾಡನ್ನು ಹಿಡಿದು ಹೋದವರಿಗೆ 1928ರ ಫೆಬ್ರುವರಿ 28ರಂದು ರಾಮನ್ ಪರಿಣಾಮ ದೊರೆಯಿತು, 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಅವರು ಹೂವುಗಳ ಬಣ್ಣವನ್ನೂ ಕಣ್ಣಿನ ನೋಟವನ್ನೂ ಕುರಿತು ವಿಚಾರಿಸುವದರಲ್ಲಿ ಕಳೆದರೆಂಬುದು ನನಗೆ ನೊಬೆಲ್ಲಿಗಿಂತಲೂ ಪ್ರಿಯವಾದ ಸಂಗತಿ. ಗಾಜಿನ ಲೋಟದ ನೀರಿಗೆ ನಾಲ್ಕು ಹನಿ ಹಾಲು ಹಾಕಿ ಬ್ಯಾಟರಿ ಹಿಡಿದರೆ, ಬದಿಯಿಂದ ನೀಲಿ ಛಾಯೆ, ಎದುರಿನಿಂದ ಸಂಜೆಯ ಸೂರ್ಯನ ಕೆಂಪು. ಛತ್ರದ ಅಂಗಳದಲ್ಲಿ ಅದನ್ನೂ ಮಾಡಿ ತೋರಿಸಿದೆ.

ಇಲ್ಲಿಯವರೆಗೆ ಬರೆದುದು ನಮ್ಮ ಹೆಮ್ಮೆಯ ಮಾತು. ಇನ್ನು ಬರೆಯುವದು ಹೆಮ್ಮೆಯದಲ್ಲ.

ಅದೇ ವರ್ಗದಲ್ಲಿ ಒಬ್ಬ ಹುಡುಗನಿದ್ದನು. ಗಣಿತದಲ್ಲಿ ಚುರುಕು, ಗೆರೆಯಲ್ಲಿ ಮಾಸ್ತರರ ಮೆಚ್ಚಿನವನು. ಅವನು ಹುಬ್ಬಳ್ಳಿಯಲ್ಲಿ ಒಂದು ಸಲ ರೈಲನ್ನು ನೋಡಿ ಬಂದವನು. ಅಂದಿನಿಂದ ರೈಲಿನ ಚಾಲಕನಾಗುವದೊಂದೇ ಅವನ ಗುರಿ. ವಹಿಗಳ ಹಿಂಬದಿಗೆಲ್ಲ ಎಂಜಿನ್ನುಗಳು. ಒಂದು ಶನಿವಾರ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಯ ರಾಶಿಯನ್ನು ಬರೆಯಲು ಹೇಳಿದಾಗ ಇವನು ಅಚ್ಚ ಹಸಿರು ರಾಶಿಯನ್ನು ಬರೆದನು. ಅದರ ಪಕ್ಕದ ಬೇವಿನ ಗಿಡಕ್ಕೆ ಕಂದು ಬಣ್ಣ. ಕುಚೇಷ್ಟೆಯೆಂದು ನಾನು ತಿಳಿದೆ. ಎಲ್ಲರೆದುರು ಹಾಳೆಯನ್ನು ಎತ್ತಿ ಹಿಡಿದು, "ಇಂಥ ಮೆಣಸಿನಕಾಯಿ ನಿಮ್ಮ ಹೊಲದಾಗ ಬೆಳೀತದೇನೋ?" ಎಂದು ಕೇಳಿದೆ. ವರ್ಗ ನಕ್ಕಿತು. ಅವನನ್ನು ತಾಸು ಮುಗಿಯುವವರೆಗೆ ಹೊರಗೆ ನಿಲ್ಲಿಸಿದೆ. ಬೆಳಕಿನ ಅಲೆಗಳನ್ನೂ ಕುರ್ಕುಮಿನ್ನನ್ನೂ ಬಲ್ಲ ನಾನು, ಬಣ್ಣವನ್ನು ನೋಡುವ ಕಣ್ಣು ಎಲ್ಲರದೂ ಒಂದೇ ಅಲ್ಲವೆಂಬ ಮೊದಲನೆಯ ಪಾಠವನ್ನೇ ಮರೆತಿದ್ದೆ.

ಕಂಡುಹಿಡಿದವರು ಮಾಸ್ತರರು. ಅವನು ಬಣ್ಣದ ಕಡ್ಡಿಗಳನ್ನು ಆರಿಸುವಾಗ ಕಡ್ಡಿಯನ್ನು ನೋಡುವದಿಲ್ಲ, ಅದಕ್ಕೆ ಸುತ್ತಿದ ಕಾಗದದ ಮೇಲಿನ ಹೆಸರನ್ನು ಓದುತ್ತಾನೆ ಎಂಬುದು ಅವರ ಕಣ್ಣಿಗೆ ಬಿದ್ದಿತ್ತು. ಮೆಣಸಿನಕಾಯಿಯ ದಿನ ಪೆಟ್ಟಿಗೆಯ ಕಡ್ಡಿಗಳೆಲ್ಲ ಹಳೆಯವು, ಕಾಗದ ಹರಿದುಹೋಗಿತ್ತು. ಹುಡುಗನನ್ನು ಕರೆದು ಮೆಲ್ಲಗೆ ಕೇಳಿದಾಗ, "ಮೆಣಸಿನಕಾಯಿ ಹಣ್ಣಾಗ್ಯಾವೋ ಇಲ್ಲೋ ಅಂತ ನಾ ಮುಟ್ಟಿ ನೋಡ್ತೇನ್ರಿ ಸರ್. ಎಲ್ಲಾರೂ ಹಂಗ ನೋಡ್ತಾರ ಅಂತ ತಿಳದಿದ್ದೆ" ಎಂದನು. ಹದಿನಾಲ್ಕು ವರ್ಷ ಅವನು ಹಾಗೆಯೇ ತಿಳಿದಿದ್ದನು. ಹೇಳಿಕೊಡುವವರು ಇದ್ದರಲ್ಲ, ನಾವು!

ನಮ್ಮ ಕಣ್ಣಿನ ತೆರೆಯಲ್ಲಿ ಬಣ್ಣವನ್ನು ಗುರುತಿಸುವ ಮೂರು ತೆರನ ಶಂಕುಕೋಶಗಳಿವೆ. ಇವುಗಳಲ್ಲಿ ಒಂದು ಬಗೆ ಇಲ್ಲದಿದ್ದರೆ ಅಥವಾ ದಾರಿ ತಪ್ಪಿದ್ದರೆ ಕೆಂಪು ಹಸಿರುಗಳ ಭೇದ ಅಳಿಯುತ್ತದೆ. ಅಣುವಾದವನ್ನು ಕೊಟ್ಟ ಜಾನ್ ಡಾಲ್ಟನ್ನನೇ ಇಂಥವನು. ಹಗಲಿಗೆ ನೀಲಿಯಾಗಿ ಕಾಣುವ ಹೂವೊಂದು ಮೇಣಬತ್ತಿಯ ಬೆಳಕಿನಲ್ಲಿ ತನಗೆ ಕೆಂಪಾಗಿ ಕಂಡದ್ದರಿಂದ ಶಂಕಿತನಾಗಿ, 1794ರಲ್ಲಿ ತನ್ನ ದೃಷ್ಟಿಯ ಮೇಲೆ ತಾನೇ ಪ್ರಬಂಧವನ್ನು ಓದಿದನು. ಅವನ ಅಣ್ಣನಿಗೂ ಹೀಗೆಯೇ ಕಾಣುತ್ತಿತ್ತು. ತನ್ನ ಕಣ್ಣೊಳಗಿನ ದ್ರವವೇ ನೀಲಿಯಾಗಿರಬೇಕೆಂದು ಊಹಿಸಿ, ಸತ್ತ ಮೇಲೆ ಕೊಯ್ದು ನೋಡಿರೆಂದು ಹೇಳಿದ್ದನು. 1844ರಲ್ಲಿ ನೋಡಿದರು, ದ್ರವ ತಿಳಿಯಾಗಿತ್ತು. ಉಳಿಸಿಟ್ಟ ಆ ಕಣ್ಣಿನ ತುಣುಕಿನಿಂದ 1995ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿ, ಹಸಿರಿನ ಕಡೆಯ ಕೋಶದ ವರ್ಣದ್ರವ್ಯ ಅವನಿಗೆ ಇರಲಿಲ್ಲವೆಂದು ಕಂಡುಕೊಂಡರು. ಯುರೋಪ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಈ ಕೊರತೆಯುಂಟು. ನಮ್ಮ ನಾಡಿನಲ್ಲಿ ಅದಕ್ಕಿಂತ ಕಡಿಮೆ, ಆದರೂ ದೊಡ್ಡ ಶಾಲೆಯೊಂದರಲ್ಲಿ ಒಬ್ಬನಾದರೂ ಇರದೆ ಹೋಗುವದಿಲ್ಲ. ಹೆಂಗಸರಲ್ಲಿ ಬಹಳ ವಿರಳ. ಅದರ ಬೀಜ ತಾಯಿಯ ಕಡೆಯಿಂದ ಬರುತ್ತದೆ, ತಾಯಿಗೆ ಮಾತ್ರ ಎಲ್ಲ ಬಣ್ಣಗಳೂ ಕಾಣುತ್ತವೆ.

ಧಾರವಾಡದಲ್ಲಿ ಕಣ್ಣಿನ ವೈದ್ಯರಿಗೆ ತೋರಿಸಿದೆವು. ಜಪಾನಿನ ಇಶಿಹರಾ 1917ರಲ್ಲಿ ಹೊರತಂದ ಚುಕ್ಕೆಗಳ ಪಟಗಳಲ್ಲಿ ನಮಗೆ ಕಂಡ ಅಂಕಿಗಳು ಅವನಿಗೆ ಕಾಣಲಿಲ್ಲ. ಔಷಧವಿಲ್ಲ, ಹೆಚ್ಚುವ ಭಯವೂ ಇಲ್ಲ, ಓದಿಗೆ ಅಡ್ಡಿಯಿಲ್ಲ ಎಂದು ವೈದ್ಯರು ಹೇಳಿದರು. ರೈಲಿನ ಚಾಲಕನಾಗುವದು ಸಾಧ್ಯವಿಲ್ಲ ಎಂಬುದನ್ನು ನಾನು ಹೇಳಬೇಕಾಯಿತು. ಇಪ್ಪತ್ತನೆಯ ವಯಸ್ಸಿನಲ್ಲಿ, ಬರೆದ ಪರೀಕ್ಷೆಯಲ್ಲಿ ಗೆದ್ದು, ದೇಹಪರೀಕ್ಷೆಯ ಕೋಣೆಯಲ್ಲಿ ತಿಳಿಯುವದಕ್ಕಿಂತ ಈಗ ತಿಳಿದದ್ದು ಲೇಸೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವನಿಗೆ ಹಾಗೆ ಹೇಳಲಿಕ್ಕೆ ಬಾಯಿ ಬರಲಿಲ್ಲ. ಹಸಿರು ಹಲಗೆಯ ಮೇಲೆ ಕೆಂಪು ಖಡುವಿನಿಂದ ಬರೆಯುವ ನನ್ನ ರೂಢಿಯನ್ನು ಮರುದಿನವೇ ಬಿಟ್ಟೆ. ಅಷ್ಟು ವರ್ಷ ಮಹತ್ವದ ಶಬ್ದಗಳನ್ನೆಲ್ಲ ನಾನು ಕೆಂಪಿನಲ್ಲಿಯೇ ಬರೆದಿದ್ದೆ.

ಅವನ ತಾಯಿ ಇದನ್ನು ಕೇಳಿ ಗಾಬರಿಯಾಗಲಿಲ್ಲ. "ನಮ್ಮ ಅಣ್ಣಗೂ ಹಿಂಗ ಐತ್ರಿ. ಅವನೂ ನೇಯ್ತಾನಲ್ಲ" ಎಂದಳು. ಸೋದರಮಾವ ರಾಮದುರ್ಗ ತಾಲೂಕಿನ ನೇಕಾರ. ಕೆಂಪು ಹಸಿರು ತಿಳಿಯದವನು ಸೀರೆಯನ್ನು ಹೇಗೆ ನೇಯುವನು? ಹುಡುಗನನ್ನು ಕರೆದುಕೊಂಡು ಒಂದು ರವಿವಾರ ಹೋದೆನು.

ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ಮಾವ ಲಾಳಿಯನ್ನು ಎಸೆಯುತ್ತಿದ್ದನು. ಬಣ್ಣದ ಮಾತು ತೆಗೆದಾಗ ನಕ್ಕು, "ಬಣ್ಣ ಈಕಿದು, ಕೈ ನಂದು" ಎಂದು ಹೆಂಡತಿಯನ್ನು ತೋರಿಸಿದನು. ಕಂಡಿಕೆ ಸುತ್ತುವವಳು ಅವಳು. ಕೆಂಪಿನ ಬುಟ್ಟಿಯ ಹಿಡಿಕೆಗೆ ಒಂದು ಗಂಟು, ಹಸಿರಿನದಕ್ಕೆ ಎರಡು. ಮದುವೆಯಾದ ಹೊಸದರಲ್ಲಿ ಒಂದು ಸೀರೆ ಕೆಟ್ಟಿತ್ತಂತೆ. ಅಂದಿನಿಂದ ಗಂಟಿನ ಪದ್ಧತಿ. ನಾನು ಅವರಿಗೆ ಷೆವ್ರೋಲನ ಕಥೆ ಹೇಳಿದೆ. ಪ್ಯಾರಿಸಿನ ಗೋಬಲಿನ್ ನೇಯ್ಗೆಶಾಲೆಯ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಆ ರಸಾಯನಶಾಸ್ತ್ರಜ್ಞನ ಬಳಿಗೆ, ಕಪ್ಪು ನೂಲು ಸತ್ತಂತೆ ಕಾಣುವದೆಂಬ ದೂರು ಬಂದಿತು. ಪರೀಕ್ಷಿಸಿದರೆ ಕಪ್ಪಿನಲ್ಲಿ ಏನೂ ದೋಷವಿಲ್ಲ. ದೋಷ ಅದರ ನೆರೆಯ ನೀಲಿಯದು. ಒಂದು ಬಣ್ಣ ಪಕ್ಕದ ಬಣ್ಣವನ್ನು ಬದಲಿಸಿ ತೋರಿಸುವ ಈ ನಿಯಮವನ್ನು ಅವನು 1839ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಮುಂದೆ ಚಿತ್ರಕಾರರೆಲ್ಲ ಅದನ್ನು ಓದಿದರು. ಮಾವನ ಹೆಂಡತಿ ಕೇಳಿ ಮುಗಿಯುವವರೆಗೆ ಕಂಡಿಕೆ ಸುತ್ತುತ್ತಲೇ ಇದ್ದಳು. "ಹೌದಲ್ರೀ, ಗಿಳಿಹಸಿರಿನ ಅಂಚಿಗೆ ಕೆಂಪು ಒಡಲು ಹಾಕಿದ್ರ ಕೆಂಪು ಉರೀತದ. ಇದಕ್ಕ ಪುಸ್ತಕ ಬರದಾನೇನು?" ಎಂದಳು.

ಹುಡುಗ ಈ ಮಾತುಗಳ ಕಡೆಗೆ ಲಕ್ಷ್ಯವಿಟ್ಟಿರಲಿಲ್ಲ. ಬುಟ್ಟಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಕಣ್ಣು ಮುಚ್ಚಿ ಗಂಟುಗಳನ್ನು ಬೆರಳಿನಿಂದ ಎಣಿಸುತ್ತಿದ್ದನು.

ಮರಳಿ ಬರುವಾಗ ಬಸ್ಸಿನಲ್ಲಿ ಬಹಳ ಹೊತ್ತು ಮಾತಿಲ್ಲ. "ಸರ್, ರೋಡಿನ ಸಿಗ್ನಲ್ದಾಗ ಕೆಂಪು ಯಾವಾಗಲೂ ಮ್ಯಾಲ ಇರತೈತಲ್ರಿ?" ಎಂದನು. ಹೌದೆಂದೆ. "ರಾತ್ರಿ ರೈಲಿನ್ಯಾಗ ದೂರಿಂದ ಬರೇ ಒಂದ ದೀಪ ಕಾಣಸ್ತದ" ಎಂದು ತಾನೇ ಹೇಳಿ ಸುಮ್ಮನಾದನು. ಅವನು ಪ್ರಶ್ನೆಯನ್ನು ಕೇಳುವ ಮೊದಲೇ ಉತ್ತರವನ್ನು ಕಂಡುಕೊಂಡಿದ್ದನು.

ಸವದತ್ತಿಯಲ್ಲಿ ಇಳಿದಾಗ ಹೊತ್ತು ಇನ್ನೂ ಇತ್ತು. ಮನೆಗೆ ಹೋಗುವ ಮನಸ್ಸಾಗಲಿಲ್ಲ. 1972ರಲ್ಲಿ ನವಿಲುತೀರ್ಥದ ಕಂದರಕ್ಕೆ ಅಡ್ಡಗಟ್ಟು ಬಿದ್ದ ಮೇಲೆ ನಿಂತ ಮಲಪ್ರಭೆಯ ಹಿನ್ನೀರಿನ ದಂಡೆಗೆ ಹೋಗಿ ಕುಳಿತೆವು. ಎದುರಿನ ಗುಡ್ಡದ ಕಲ್ಲು ಸಂಜೆಯ ಬಿಸಿಲಿಗೆ ಕೆಂಪಾಗಿತ್ತು. ಅದನ್ನು ಅವನಿಗೆ ಹೇಳಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿದ್ದೆ. ಅವನು ನೀರನ್ನೇ ನೋಡುತ್ತಿದ್ದನು.

"ನೀರು ನೀಲಿ ಐತಲ್ರೀ ಸರ್?"

"ಹೌದು, ನೀಲಿ."

"ಅದು ನನಗೂ ಕಾಣಸ್ತದ್ರಿ" ಎಂದನು. ಚೀಲದಿಂದ ಹಾಳೆಯನ್ನು ತೆಗೆದನು.